ಮನೆಗಿಂತ ಮೊದಲು ಬಂದ ಮಂಚ

ಸೈಕಲ್ ಅಂಗಡಿ
ಮಾರ್ಚ್ 4, ಮಂಗಳವಾರ

ಪ್ರೀತಿಯ ಅತ್ತಿಗೆಗೆ,

ಸಾಮಾನಿನ ಲಾರಿ ನಾಳೆ ಬೆಳಿಗ್ಗೆ ಬೆಟ್ಟ ಹತ್ತುತ್ತದೆ. ಡ್ರೈವರಣ್ಣ ಬಂದು ಹಾರ್ನ್ ಬಾರಿಸುವ ಮೊದಲು ಬರೆದು ಮುಗಿಸಬೇಕೆಂದು ಗ್ರೀಸ್ ಕೈಯಲ್ಲೇ ಕೂತಿದ್ದೇನೆ. ಕಾಗದದ ಮೂಲೆಯಲ್ಲಿ ಕಪ್ಪು ಹೆಬ್ಬೆರಳು ಕಂಡರೆ ಅದನ್ನೇ ಸಹಿ ಎಂದುಕೊಳ್ಳಿ. ನಿಮ್ಮ ಹವಾಮಾನ ಕೇಂದ್ರಕ್ಕೆ ಫೋನ್ ತಾಗುವುದಿಲ್ಲ. ಇರುವ ಒಂದು ರೇಡಿಯೋದಲ್ಲಿ ಮಳೆ, ಗಾಳಿ ಬಿಟ್ಟು ಬೇರೆ ಮಾತು ಆಡಕೂಡದೆಂದು ನೀವೇ ಕಾನೂನು ಮಾಡಿದ್ದೀರಿ. ಹೀಗಾಗಿ ಇಷ್ಟು ದೊಡ್ಡ ಸುದ್ದಿಯನ್ನು ವಾರಕ್ಕೊಂದು ಲಾರಿಗೆ ಕಟ್ಟಿ ಕಳಿಸಬೇಕಾಗಿದೆ.

ಸುದ್ದಿ ಏನೆಂದರೆ, ಹಲ್ಲಿನ ಡಾಕ್ಟರು ಈ ಕಟ್ಟಡ ಮಾರುತ್ತಾರಂತೆ. ನಿನ್ನೆ ಸೈಕಲ್ಲಿಗೆ ಗಾಳಿ ಹಾಕಿಸಲು ಬಂದವರು ಪಂಪಿನ ಸದ್ದಿನ ನಡುವೆಯೇ ಹೇಳಿದರು: "ನಾನು ಮಗಳ ಮನೆಗೆ ಹೋಗ್ತಾ ಇದೀನಮ್ಮ. ತಂಪು ಪಾನೀಯದವರು ಗೋಡೌನಿಗೆ ಅಂತ ಕೇಳ್ತಾ ಇದಾರೆ. ಆದ್ರೆ ಇಷ್ಟು ವರ್ಷ ಬಾಡಿಗೆ ತಪ್ಪಿಸಿದವಳಲ್ಲ ನೀನು, ಮೊದಲು ನಿನ್ನನ್ನ ಕೇಳ್ಬೇಕು ಅನ್ನಿಸ್ತು. ಏಪ್ರಿಲ್ ಮುಗಿಯೋವರೆಗೆ ಕಾಯ್ತೀನಿ." ನಾನು ಬಾಯಿ ಬಿಟ್ಟುಕೊಂಡು ಗಾಳಿ ಹೊಡೆಯುತ್ತಲೇ ಇದ್ದೆ. ಟ್ಯೂಬು ಢಮಾರ್ ಎಂದಿತು. ಹೊಸದನ್ನು ಪುಕ್ಕಟೆ ಹಾಕಿಕೊಟ್ಟೆ.

ಮುಂದೆ ಅಂಗಡಿ, ಮಹಡಿಯಲ್ಲಿ ಎರಡು ಕೋಣೆ, ಅದೆಲ್ಲ ನಿಮಗೆ ಗೊತ್ತು. ಹಿಂದಿನ ಕೋಣೆ ನೀವು ನೋಡಿಲ್ಲ. ಡಾಕ್ಟರು ಹಳೆಯ ಕುರ್ಚಿಗಳನ್ನು ತುಂಬಿ ಬೀಗ ಹಾಕಿದ್ದರು. ನೆಲಮಟ್ಟದಲ್ಲಿದೆ, ಒಂದು ಮೆಟ್ಟಿಲೂ ಇಲ್ಲ. ಪೂರ್ವಕ್ಕೆ ಅಗಲವಾದ ಕಿಟಕಿ. ಬೆಳಿಗ್ಗೆ ಬಿಸಿಲು ಒಳಗೆ ಬಂದು ನೆಲದ ಅರ್ಧಕ್ಕೆ ನಿಲ್ಲುತ್ತದೆ. ಅಲ್ಲಿ ಟೈರುಗಳನ್ನು ಜೋಡಿಸಿಡಬೇಕೆಂದಿದ್ದೇನೆ.

ಬ್ಯಾಂಕಿಗೆ ಲೋನಿನ ಅರ್ಜಿ ಕೊಟ್ಟು ಬಂದೆ. ಈಗಿರುವ ನಾಲ್ಕನೇ ಮಹಡಿಯ ಬಾಡಿಗೆ ಗೂಡಿಗೆ ಹತ್ತಿ ಇಳಿದು ನನಗೇ ಸಾಕಾಗಿದೆ. ಅಂದಹಾಗೆ, ಮೇ ಕೊನೆಗೆ ನಿಮ್ಮ ಕೆಲಸದ ಅವಧಿ ಮುಗಿಯುತ್ತದಲ್ಲವೇ? ಮುಂದೇನು ಎಂದು ಯೋಚಿಸಿದ್ದೀರಾ? ಸುಮ್ಮನೆ ಕೇಳಿದೆ.

ನಿಮ್ಮ ನಾದಿನಿ


ಬೆಟ್ಟದ ಕೇಂದ್ರ
ಮಾರ್ಚ್ 5, ಬುಧವಾರ

ಚಿನಕುರುಳಿ,

ಆಕಾಶ ಅರ್ಧ ಮೋಡ. ಗಾಳಿ ಉತ್ತರದ್ದು, ಹದವಾಗಿದೆ. ಮಳೆಮಾಪಕದಲ್ಲಿ ಒಂದು ಜೀರುಂಡೆ ಮಾತ್ರ ಸಿಕ್ಕಿತು.

ಪತ್ರ ಎರಡು ಸಲ ಓದಿದೆ. ಸಂತೋಷವಾಯಿತು. ಇದಕ್ಕಿಂತ ಉದ್ದಕ್ಕೆ ಬರೆಯಲು ನನಗೆ ಬರುವುದಿಲ್ಲ, ನಿನಗೆ ಗೊತ್ತು. ನಿಮ್ಮಣ್ಣ ಇದ್ದಿದ್ದರೆ ಊರಿಗೆಲ್ಲ ಡಂಗುರ ಹೊಡೆಸುತ್ತಿದ್ದರು. ನಾನು ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿಕೊಂಡೆ.

ಒಂದು ಪ್ರಶ್ನೆ. ಟೈರುಗಳಿಗೆ ಪೂರ್ವದ ಕಿಟಕಿ ಯಾಕೆ? ಬಿಸಿಲಿಗೆ ರಬ್ಬರ್ ಬಿರಿಯುತ್ತದೆ ಎಂದು ನೀನೇ ನನಗೆ ಪಾಠ ಮಾಡುತ್ತಿದ್ದೆ.

ಬ್ಯಾಂಕಿನ ವಿಷಯದಲ್ಲಿ ನಮ್ಮ ಕೇಂದ್ರದ ನಿಯಮ ಪಾಲಿಸು. ಕಂಡದ್ದನ್ನು ಮಾತ್ರ ಬರೆ. ಇಲ್ಲಿ ನಾವು ಮಳೆ ಬರುವ ಹಾಗಿದೆ ಎಂದು ಬರೆಯುವಂತಿಲ್ಲ, ಬಂದ ಮೇಲೆ ಅಳೆದು ಬರೆಯಬೇಕು. ಲೋನ್ ಆದ ಮೇಲೆ ಆಯಿತು ಎಂದು ಬರೆ, ಅಲ್ಲಿಯವರೆಗೆ ನಾನು ಸಂತೋಷವನ್ನು ಒಂದು ಚಮಚಕ್ಕೆ ನಿಲ್ಲಿಸಿರುತ್ತೇನೆ.

ಮುಂದೇನು ಎಂದು ಕೇಳಿದ್ದೀಯ. ಮುಂದೆ ಮಳೆಗಾಲ. ಮಂಡಿ ನೋವು ಹಾಗೇ ಇದೆ. ಮೋಡ ಕಟ್ಟುವ ಮೊದಲೇ ಅದಕ್ಕೆ ಗೊತ್ತಾಗುತ್ತದೆ. ಇಲಾಖೆಯವರು ಬೇಕಾದರೆ ಅದನ್ನೂ ಒಂದು ಉಪಕರಣವೆಂದು ಗೋಡೆಗೆ ತೂಗುಹಾಕಿಕೊಳ್ಳಲಿ.

ಅತ್ತಿಗೆ


ಸೈಕಲ್ ಅಂಗಡಿ
ಮಾರ್ಚ್ 18, ಮಂಗಳವಾರ

ಪ್ರೀತಿಯ ಅತ್ತಿಗೆಗೆ,

ಕಳೆದ ವಾರ ಪತ್ರ ಕಳಿಸಲಾಗಲಿಲ್ಲ, ಕೋಪ ಬೇಡ. ಬ್ಯಾಂಕಿನ ಮೆಟ್ಟಿಲು ಹತ್ತಿ ಹತ್ತಿ ನನ್ನ ಚಪ್ಪಲಿಯೇ ಸವೆದುಹೋಯಿತು.

ಲೋನ್ ಕೊಡುವ ಮೇಡಂ ನನಗಿಂತ ಚಿಕ್ಕವರು, ಆದರೆ ಮುಖ ಮಾತ್ರ ಪರೀಕ್ಷೆಯ ಮೇಲ್ವಿಚಾರಕರದ್ದು. ಕೂದಲನ್ನು ಗಂಟು ಸುತ್ತಿ ಅದಕ್ಕೊಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾರೆ. ಬರೆಯಲೆಂದು ಪೆನ್ಸಿಲ್ ಎಳೆದರೆ ಕೂದಲೆಲ್ಲ ಬಿಚ್ಚಿ ಭುಜದ ಮೇಲೆ. ಅದಕ್ಕೇ ತೀರಾ ಮುಖ್ಯವಾದದ್ದಿದ್ದರೆ ಮಾತ್ರ ಬರೆಯುತ್ತಾರೆ. ನಾನು ಅವರಿಗೆ ಪೆನ್ಸಿಲ್ ಮೇಡಂ ಎಂದು ಹೆಸರಿಟ್ಟಿದ್ದೇನೆ. ಅವರದೂ ಒಂದು ಸೈಕಲ್ ಇದೆ, ಬೆಲ್ ಸತ್ತುಹೋಗಿದೆ. ರಿಪೇರಿ ಮಾಡಿಕೊಡುತ್ತೇನೆ ಎಂದರೆ, "ನಿಮ್ಮ ಫೈಲ್ ಮುಗಿಯೋವರೆಗೆ ನಿಮ್ಮ ಕೈಯಿಂದ ನನಗೆ ಒಂದು ಸ್ಕ್ರೂನೂ ಬೇಡ" ಎಂದರು. ಆದ್ದರಿಂದ ಅವರು ದಾರಿಯುದ್ದಕ್ಕೂ ಬಾಯಲ್ಲೇ "ಸರೀರಿ, ಸರೀರಿ" ಎನ್ನುತ್ತ ಹೋಗುತ್ತಾರೆ.

ಲೋನ್ ವಿಷಯ ಕೇಳುತ್ತೀರಿ, ಗೊತ್ತು. ಆಯಿತು ಎಂದೇ ತಿಳಿಯಿರಿ. ಕ್ರೆಡಿಟ್ ರಿಪೋರ್ಟ್ ಎಂದು ನಮ್ಮ ಸಾಲದ ಜಾತಕ ತರಿಸಿದ್ದಾರೆ. ಅದರ ಮೇಲೆ ಚೂರು ಧೂಳು ಕೂತಿದೆ, ಒರೆಸಿದರೆ ಹೋಗುತ್ತದೆ. ನೀವು ಧಾರಾಳವಾಗಿ ಎರಡು ಚಮಚ ಸಕ್ಕರೆ ಹಾಕಿಕೊಳ್ಳಿ.

ಹಿಂದಿನ ಕೋಣೆಗೆ ಯಾವ ಬಣ್ಣ ಚೆನ್ನ, ಹಳದಿಯೋ ತಿಳಿ ನೀಲಿಯೋ? ಟೈರುಗಳಿಗೆ ಏನಾದರೇನು ಎನ್ನಬೇಡಿ.

ನಿಮ್ಮ ನಾದಿನಿ


ಬೆಟ್ಟದ ಕೇಂದ್ರ
ಮಾರ್ಚ್ 19, ಬುಧವಾರ

ಚಿನಕುರುಳಿ,

ಆಕಾಶ ಮುಕ್ಕಾಲು ಮೋಡ. ಗಾಳಿ ಇಲ್ಲ.

ಆಯಿತು ಎಂದು ಬರೆದಿದ್ದೀಯ. ನಿಯಮ ಗೊತ್ತಿದ್ದೂ ಬರೆದಿದ್ದೀಯ ಎಂದಮೇಲೆ ಆಗಿದೆ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಎದುರು ಬೆಟ್ಟದ ಕೇಂದ್ರಕ್ಕೂ ಹೇಳಬೇಕೆನಿಸಿತು, ರೇಡಿಯೋವರೆಗೆ ಕೈ ಹೋಗಿತ್ತು. ಕಾನೂನು ನನ್ನದೇ ಅಲ್ಲವೇ, ಕೈ ಹಿಂತೆಗೆದೆ.

ನನ್ನದೂ ಒಂದು ಸುದ್ದಿ. ಇನ್ನು ಮೂರು ವರ್ಷ ಇಲ್ಲೇ ಇರುತ್ತೀರಾ ಎಂದು ಇಲಾಖೆ ಕೇಳಿದೆ. ಏಪ್ರಿಲ್ ಕೊನೆಯೊಳಗೆ ಉತ್ತರ ಕೊಡಬೇಕು. ಸಹಿ ಹಾಕುವವಳಿದ್ದೇನೆ. ಈ ವಯಸ್ಸಿನಲ್ಲಿ ಇನ್ನೆಲ್ಲಿಗೆ ಹೋಗಲಿ? ನಿನ್ನ ಮನೆಗೆ ಬಂದರೆ ಎರಡು ದಿನ ಇದ್ದು ಹೋಗುವ ನೆಂಟಳಾಗಿ ಬರುತ್ತೇನೆ. ಕಷ್ಟಪಟ್ಟು ಮನೆ ಮಾಡಿಕೊಂಡವಳ ಕಾಲಿಗೆ ಮಂಡಿ ನೋವಿನ ಮುದುಕಿ ತೊಡರಿಕೊಳ್ಳಬಾರದು.

ಬಣ್ಣ ಹಳದಿ. ಡ್ರೈವರಣ್ಣನ ಕೈಯಲ್ಲಿ ಇನ್ನೊಂದು ಲಕೋಟೆ ಕೊಟ್ಟಿದ್ದೇನೆ. ಅದು ನಿನಗಲ್ಲ, ಒಡೆದು ನೋಡಬೇಡ.

ಅತ್ತಿಗೆ


ಬೆಟ್ಟದ ಕೇಂದ್ರ
ಏಪ್ರಿಲ್ 2, ಬುಧವಾರ

ಚಿನಕುರುಳಿ,

ಆಕಾಶ ನಿರ್ಮಲ. ಎರಡು ಲಾರಿ ಬಂದವು, ನಿನ್ನ ಪತ್ರವಿಲ್ಲ. ನೀನು ಬಾಯಿ ಮುಚ್ಚಿಕೊಂಡಿದ್ದೀಯ ಎಂದರೆ ನನಗೆ ಭಯ.

ಅತ್ತಿಗೆ


ಸೈಕಲ್ ಅಂಗಡಿ
ಏಪ್ರಿಲ್ 8, ಮಂಗಳವಾರ

ಪ್ರೀತಿಯ ಅತ್ತಿಗೆಗೆ,

ಬೈಯುವುದಾದರೆ ಮೊದಲು ಬೈದು ಮುಗಿಸಿ, ಆಮೇಲೆ ಓದಿ. ಲೋನ್ ಆಗಿರಲಿಲ್ಲ. ಆಗಿಯೇ ಆಗುತ್ತದೆ ಎಂಬ ಹುಮ್ಮಸ್ಸಿನಲ್ಲಿ ಬರೆದುಬಿಟ್ಟೆ. ನಿಮ್ಮನ್ನು ಬೆಟ್ಟದ ತುದಿಯಲ್ಲಿ ಕೂರಿಸಿ ಚಿಂತೆಗೆ ಹಚ್ಚುವುದು ಬೇಡವೆಂದೂ ಇತ್ತು.

ನಡೆದದ್ದು ಇಷ್ಟು. ಶಾಲೆ ಶುರುವಾಗುವ ಕಾಲಕ್ಕೆಂದು ಟೈರು, ಟ್ಯೂಬು, ಚೈನುಗಳನ್ನು ನಮ್ಮಿಬ್ಬರ ಜಂಟಿ ಕಾರ್ಡಿನಲ್ಲಿ ತರಿಸಿದ್ದೆ. ಅಂಗಡಿ ತೆರೆದಾಗ ನಿಮ್ಮ ಸರ್ಕಾರಿ ಸಂಬಳ ನೋಡಿ ಬ್ಯಾಂಕು ಕೊಟ್ಟಿತ್ತಲ್ಲ, ನಿಮ್ಮ ಕೈಗೆ ಬಂದದ್ದನ್ನು ಒಮ್ಮೆಯೂ ಬಳಸದೆ ವಾಯುಭಾರಮಾಪಕದ ಪೆಟ್ಟಿಗೆಯಲ್ಲಿ ಇಟ್ಟಿದ್ದೀರಲ್ಲ, ಅದೇ ಕಾರ್ಡು. ಅದು ಅಂಚಿನವರೆಗೆ ತುಂಬಿತ್ತು. ಹಾಗೆ ತುಂಬಿದ್ದರೆ ಸ್ಕೋರ್ ಇಳಿಯುತ್ತದಂತೆ. ನಮ್ಮ ಸ್ಕೋರ್ ಬ್ಯಾಂಕಿಗೆ ಬೇಕಾದ ಗೆರೆಯ ಕೆಳಗೇ ನಿಂತಿತ್ತು. ಮಾಲೆಲ್ಲ ಮಾರಿ ಪೂರ್ತಿ ಕಟ್ಟಿಬಿಟ್ಟೆ. ಆದರೂ ರಿಪೋರ್ಟಿನಲ್ಲಿ ಹಳೆಯ ಬಾಕಿಯೇ ಇದೆ. ಕಾರ್ಡಿನ ಕಂಪನಿಯವರು ತಿಂಗಳಿಗೊಮ್ಮೆ ಮಾತ್ರ ಲೆಕ್ಕ ಕಳಿಸುತ್ತಾರಂತೆ. ನಿನ್ನೆಯ ಮಳೆಗೆ ಇವತ್ತು ಕೊಡೆ ಹಿಡಿಯುವ ಜನ.

ತಿಂಗಳು ಕಾಯ್ದರೆ ಡಾಕ್ಟರ ಗಡುವು ದಾಟುತ್ತದೆ. ಪೆನ್ಸಿಲ್ ಮೇಡಂ ಒಂದು ದಾರಿ ಹೇಳಿದರು. ಹಣ ಕಟ್ಟಿದ ಪುರಾವೆ ಇಟ್ಟು ಬ್ಯಾಂಕೇ ಕೇಳಿಕೊಂಡರೆ ಕೆಲವೇ ದಿನದಲ್ಲಿ ರಿಪೋರ್ಟನ್ನು ಅರ್ಜೆಂಟಾಗಿ ಅಪ್‌ಡೇಟ್ ಮಾಡಿಕೊಡುತ್ತಾರೆ. ನಾನು ಹೋಗಿ ಕೇಳಿದರೆ ನಡೆಯದು, ಬ್ಯಾಂಕೇ ಕೇಳಬೇಕು. "ಮಂತ್ರ ಅಲ್ಲ ಇದು. ಇದ್ದದ್ದನ್ನ ಬೇಗ ಹೇಳ್ತಾರೆ, ಅಷ್ಟೇ. ಅದು ಬರೋವರೆಗೆ ಆ ಕಾರ್ಡಲ್ಲಿ ಒಂದು ಬಿಸ್ಕತ್ತೂ ತಗೋಬೇಡಿ" ಎಂದರು. ನಾನು ಬಿಸ್ಕತ್ತಿನ ಅಂಗಡಿ ಇರುವ ರಸ್ತೆಗೇ ಹೋಗಲಿಲ್ಲ.

ನಿನ್ನೆ ಅಪ್‌ಡೇಟ್ ಬಂತು. ಮೇಡಂ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. "ಹಳೇದು ಹೋಗಿದೆ, ಹೊಸದು ಬಂದಿದೆಯಲ್ರೀ" ಎಂದರು. ಕಾರ್ಡಿನ ಕಂಪನಿಗೆ ಫೋನ್ ಮಾಡಿದರೆ ಮಂಚದಂಗಡಿಯ ಬಿಲ್ಲು ಎನ್ನುತ್ತಾರೆ. ಯಾರೋ ನಮ್ಮ ಕಾರ್ಡಿನಲ್ಲಿ ಮಂಚ ಕೊಂಡಿದ್ದಾರೆ, ಅತ್ತಿಗೆ. ನಮ್ಮ ಕಾರ್ಡಿನ ಮಿತಿ ಅಂಗೈಯಗಲ, ಆ ಮಂಚವೊಂದೇ ಅದನ್ನು ಮತ್ತೆ ತುಂಬಿಬಿಟ್ಟಿದೆ. ಅರ್ಜೆಂಟಾಗಿ ಕೇಳಿದ್ದಕ್ಕೆ ಅರ್ಜೆಂಟಾಗಿ ಮಂಚವೇ ಬಂತು.

ಕೂಡಲೇ ಕಾರ್ಡು ಬಂದ್ ಮಾಡಿಸಿ ಕಳ್ಳತನವಾಗಿದೆ ಎಂದು ದೂರು ಕೊಟ್ಟೆ. ಅದನ್ನು ಕೇಳಿ ಮೇಡಂ ಮೇಜಿಗೆ ಹಣೆ ಹಚ್ಚಿದರು. ದೂರು ಇತ್ಯರ್ಥವಾಗುವವರೆಗೆ ಫೈಲು ಅಲುಗಾಡುವುದಿಲ್ಲವಂತೆ. ಆ ಕಳ್ಳನಿಗೆ ಆ ಮಂಚದ ಮೇಲೆ ಒಂದು ದಿನವೂ ನಿದ್ದೆ ಬರದಿರಲಿ. ನಾಳೆ ಬೆಳಿಗ್ಗೆಯೇ ಹೋಗಿ ಮಂಚದಂಗಡಿಯವರ ಕೊರಳಪಟ್ಟಿ ಹಿಡಿಯುತ್ತೇನೆ.

ಒಂದು ಬೇಡಿಕೆ. ಇಲಾಖೆಯ ಕಾಗದಕ್ಕೆ ಈಗಲೇ ಸಹಿ ಹಾಕಬೇಡಿ. ಯಾಕೆ ಎಂದು ಹೇಳಲಾರೆ, ಇನ್ನೂ ಕಂಡಿಲ್ಲ.

ನಿಮ್ಮ ನಾದಿನಿ


ಬೆಟ್ಟದ ಕೇಂದ್ರ
ಏಪ್ರಿಲ್ 9, ಬುಧವಾರ ಸಂಜೆ

ಚಿನಕುರುಳಿ,

ಆಕಾಶ ನಿರ್ಮಲ. ಮುಖ ಮರೆಸಿಕೊಳ್ಳಲು ಒಂದು ತುಂಡು ಮೋಡವೂ ಇಲ್ಲ.

ಕಳ್ಳಿ ಬರೆಯುತ್ತಿದ್ದಾಳೆ.

ಇವತ್ತು ಮಧ್ಯಾಹ್ನ ಎಂದಿನಂತೆ ರೇಡಿಯೋದಲ್ಲಿ ಉಷ್ಣಾಂಶ, ಒತ್ತಡ, ಗಾಳಿ ಎಲ್ಲ ಓದಿದೆ. ಕೆಳಗಿನ ಕಚೇರಿಯ ಆಪರೇಟರ್ "ಸರಿ, ತಲುಪಿತು" ಎನ್ನಬೇಕು. ಎನ್ನಲಿಲ್ಲ. ಗಂಟಲು ಸರಿಮಾಡಿಕೊಂಡ. "ಮೇಡಂ, ನಿಮ್ಮ ನಾದಿನಿಯವರು ಇಲ್ಲೇ ನಿಂತಿದಾರೆ. ಹೋಗಿ ಅಂದ್ರೆ ಹೋಗ್ತಾ ಇಲ್ಲ. ಒಂದೇ ಪ್ರಶ್ನೆಯಂತೆ. ಮಂಚ ತಗೊಂಡಿದ್ದು ನೀವೇನಾ? ರದ್ದು ಮಾಡ್ಬಹುದಾ?"

ಆ ಹೊತ್ತಿನಲ್ಲಿ ಎಲ್ಲ ಬೆಟ್ಟದ ಕೇಂದ್ರಗಳೂ ಒಂದೇ ರೇಡಿಯೋ ತರಂಗದಲ್ಲಿ ಕಿವಿ ಕೊಟ್ಟು ಕೂತಿರುತ್ತವೆ. ಎದುರು ಬೆಟ್ಟದವನು ಒಮ್ಮೆ ಪಂದ್ಯದ ಸ್ಕೋರ್ ಕೇಳಿದ್ದಕ್ಕೆ ಅವನಿಗೆ ಅರ್ಧ ಗಂಟೆ ಬೈದವಳು ನಾನು. ನಾನು ಗುಂಡಿ ಒತ್ತಿ ಹೇಳಿದೆ: "ಹೌದು, ನಾನೇ. ರದ್ದು ಮಾಡಲು ಒಪ್ಪಿ­ಗೆಯಿದೆ. ಗಾಳಿ ದಕ್ಷಿಣದ್ದು." ಕೊನೆಯದನ್ನು ಯಾಕೆ ಸೇರಿಸಿದೆನೆಂದರೆ ಹವೆಯ ಮಾತು ಚೂರಾದರೂ ಇರಲಿ ಎಂದು. ಆಗ ಎದುರು ಬೆಟ್ಟದವನು ಬಾಯಿ ಬಿಟ್ಟ: "ಯಾವ ಮರದ ಮಂಚ, ಮೇಡಂ?"

ಸಂಜೆ ಲಾರಿಯಲ್ಲಿ ನಿನ್ನ ಪತ್ರ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಮಂಡಿ ಮುಟ್ಟಿ ನೋಡಿಕೊಂಡೆ. ನಿನ್ನ ಶಾಪವೂ ತಟ್ಟಿದೆ, ಇವತ್ತು ನಿದ್ದೆ ಬರುವ ಲಕ್ಷಣವಿಲ್ಲ.

ಆಯಿತು ಎಂದು ನೀನು ಬರೆದೆ, ನಾನು ನಂಬಿ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದೆ. ಸಾಮಾನಿನ ಜೊತೆ ಮಂಚದಂಗಡಿಯ ಕ್ಯಾಟಲಾಗ್ ಬಂದಿತ್ತು. ಒಂದು ಕುಳ್ಳನೆಯ ಮಂಚ ಕಂಡಿತು, ಮಂಡಿ ಮಡಿಸಲು ಸುಲಭ. ಎರಡು ದಿನಕ್ಕೆ ಬಂದಾಗ ನಿನ್ನ ಟೈರುಗಳ ಪಕ್ಕ ಮಲಗಲು ಒಂದಿರಲಿ ಎಂದು ಚೀಟಿ ಬರೆದು ಕಾರ್ಡಿನ ನಂಬರು ಹಾಕಿದೆ. ಬಿಲ್ಲು ಬಂದಾಗ ಸಂಬಳದಲ್ಲಿ ಕಟ್ಟಿದರಾಯಿತು ಎಂದುಕೊಂಡಿದ್ದೆ. ಎರಡು ದಿನಕ್ಕೆ ಗಟ್ಟಿ ಮರದ ಮಂಚ ಯಾಕೆ ಎಂದು ಕೇಳಬೇಡ.

ಒಳ್ಳೆಯದು ಮಾಡಲು ಹೋಗಿ ನಿನ್ನ ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡಿದೆ. ತುಂಬಾ ನೋವಾಗಿದೆ. ಇಲಾಖೆಯ ಕಾಗದಕ್ಕೆ ಸಹಿ ಹಾಕಿ ಮುಂದಿನ ಲಾರಿಗೆ ಕೊಡುತ್ತೇನೆ. ನಾನು ದೂರವಿದ್ದರೇ ನಿನಗೆ ಕ್ಷೇಮ.

ಅತ್ತಿಗೆ


ಸೈಕಲ್ ಅಂಗಡಿ
ಏಪ್ರಿಲ್ 15, ಮಂಗಳವಾರ

ಅತ್ತಿಗೆ,

ಸಹಿ ಹಾಕಬೇಡಿ. ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಹಾಕಿದ್ದರೆ ಹರಿದುಹಾಕಿ, ಆಮೇಲೆ ಮುಂದಕ್ಕೆ ಓದಿ.

ಅವತ್ತು ಲಾರಿ ಹೊರಟ ಮೇಲೆ ಮಂಚದಂಗಡಿಗೆ ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಹೋದೆ. ಅಂಗಡಿಯವರು ಪಾಪ, ಸಾಧು ಮನುಷ್ಯ. ಸ್ಪ್ಯಾನರ್ ನೋಡಿ ಎರಡು ಹೆಜ್ಜೆ ಹಿಂದೆ ಹೋಗಿ ಆರ್ಡರಿನ ಚೀಟಿ ತೆಗೆದುಕೊಟ್ಟರು. ಚೀಟಿಯ ತಲೆಯ ಮೇಲೆ "ಆಕಾಶ ಮುಕ್ಕಾಲು ಮೋಡ. ಗಾಳಿ ಇಲ್ಲ" ಎಂದಿತ್ತು. ಮಂಚ ಮಾರುವವರಿಗೂ ಹವಾಮಾನ ಹೇಳಬೇಕೇ, ಅತ್ತಿಗೆ? ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದು ಗೊತ್ತಾದಾಗ ಅಲ್ಲೇ ಪ್ರದರ್ಶನಕ್ಕಿಟ್ಟ ಮಂಚದ ಮೇಲೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ಚೀಟಿಯ ಕೆಳಗಿನ ದಿನಾಂಕ ನೋಡಿದೆ. ಮಾರನೇ ದಿನವೇ ಮಂಚ ಅಂಗಡಿಯಿಂದ ಹೊರಡುತ್ತದೆ, ಹೊರಟ ಮೇಲೆ ರದ್ದು ಮಾಡುವಂತಿಲ್ಲ. ಅಷ್ಟರೊಳಗೆ ರದ್ದಾಗದಿದ್ದರೆ ಆ ಮಂಚ ಇನ್ನೊಂದು ತಿಂಗಳು ನಮ್ಮ ರಿಪೋರ್ಟಿನಲ್ಲೇ ಮಲಗಿರುತ್ತದೆ. ಅಂಗಡಿಯವರೋ, "ಚೀಟಿ ಕಳಿಸಿದೋರೇ ಬೇಡ ಅನ್ಬೇಕಮ್ಮ, ನೀವು ಹೇಳಿದ್ರೆ ಹೇಗೆ?" ಎನ್ನುತ್ತಾರೆ. ಅದಕ್ಕೇ ನಿಮ್ಮ ಕಚೇರಿಗೆ ಓಡಿದ್ದು. ಆಪರೇಟರಿಗೆ ಕೈ ಮುಗಿದೆ, ಅವರ ಸೈಕಲ್ಲಿನ ಬ್ರೇಕ್ ಹೊಗಳಿದೆ, ಕೊನೆಗೆ ಬಾಗಿಲಿಗೆ ಅಡ್ಡ ನಿಂತೆ.

ನಿಮ್ಮ ಉತ್ತರವನ್ನು ಅವರು ಕಚೇರಿಯ ಕಾಗದದಲ್ಲಿ ಬರೆದು ಮೊಹರು ಹಾಕಿಕೊಟ್ಟರು. ಮಂಚದಂಗಡಿಯವರು ಓದಿ ಅಲ್ಲೇ ರದ್ದು ಮಾಡಿದರು. ನಾನು ಕಳ್ಳತನದ ದೂರು ವಾಪಸ್ ಪಡೆದೆ. ಪೆನ್ಸಿಲ್ ಮೇಡಂ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, "ಗಾಳಿ ದಕ್ಷಿಣದ್ದು ಅಂದ್ರೆ ಏನ್ರೀ?" ಎಂದರು. "ಅದು ಅವರ ಸಹಿ, ಮೇಡಂ" ಎಂದೆ. ನಗಬಾರದೆಂದು ತುಟಿ ಕಚ್ಚಿಕೊಂಡು, ಪುರಾವೆಗಳನ್ನೆಲ್ಲ ಜೋಡಿಸಿ, ಎರಡನೇ ಸಲ ಅರ್ಜೆಂಟ್ ಅಪ್‌ಡೇಟಿಗೆ ಬರೆದರು. ಇನ್ನೂ ಉತ್ತರ ಬಂದಿಲ್ಲ. ಗೋಡೌನಿನವರು ಇವತ್ತು ಬಂದು ನನ್ನ ಅಂಗಡಿಯ ಬಾಗಿಲಿಗೆ ಟೇಪ್ ಹಿಡಿದು ಅಗಲ ಅಳೆದು ಹೋದರು. ನನ್ನ ಮುಖಕ್ಕೇ ಅಳತೆ ಹಿಡಿದ ಹಾಗಿತ್ತು.

ಈಗ ಕೇಳಿ. ಆ ಕೋಣೆ ಟೈರುಗಳಿಗಲ್ಲ. ಟೈರಿಗೆ ಪೂರ್ವದ ಕಿಟಕಿ ಯಾಕೆ ಎಂದು ನೀವು ಕೇಳಿದಾಗಲೇ ಸಿಕ್ಕಿಬಿದ್ದೆ ಅಂದುಕೊಂಡೆ. ಡಾಕ್ಟರು ಬೀಗ ತೆಗೆದ ಆ ನಿಮಿಷದಲ್ಲೇ ಅದು ನಿಮ್ಮದಾಯಿತು. ಮೆಟ್ಟಿಲಿಲ್ಲ ಎಂಬುದನ್ನು ಮೊದಲು ನೋಡಿದವಳು ನಾನಲ್ಲ, ನಿಮ್ಮ ಮಂಡಿ. ಕಂಡದ್ದನ್ನು ಮಾತ್ರ ಬರೆ ಎಂದಿರಿ. ಲೋನ್ ಕೈತಪ್ಪಿದರೆ, ಕೆಲಸವನ್ನೂ ಬಿಟ್ಟು ಬಂದ ನಿಮ್ಮನ್ನು ನಾಲ್ಕನೇ ಮಹಡಿಗೆ ಹತ್ತಿಸಬೇಕಾಗುತ್ತದಲ್ಲ ಎಂದು ಹೇಳದೆ ಇಟ್ಟುಕೊಂಡೆ. ಈಗಲೂ ಕಂಡಿಲ್ಲ, ಆದರೂ ಬರೆಯುತ್ತಿದ್ದೇನೆ. ನೆಂಟಳಾಗಿ ಬರಬೇಡಿ. ಅಣ್ಣ ಹೋದ ಮೇಲೆ ನನಗೆ ಇರುವವರು ನೀವು, ನಿಮಗೆ ಇರುವವಳು ನಾನು. ನೀವು ದೂರವಿದ್ದರೆ ನನಗೆ ಯಾವ ಕ್ಷೇಮವೂ ಇಲ್ಲ. ಮನೆಗೆ ಬನ್ನಿ.

ನಿಮ್ಮ ನಾದಿನಿ


ಬೆಟ್ಟದ ಕೇಂದ್ರ
ಏಪ್ರಿಲ್ 16, ಬುಧವಾರ

ಚಿನಕುರುಳಿ,

ಆಕಾಶ ನೋಡಲಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಇದೇ ಮೊದಲು. ನಿನ್ನ ಪತ್ರ ಓದುತ್ತ ಕೂತೆ, ಸಂಜೆ ಹವೆ ತಿಳಿಸುವ ಹೊತ್ತು ಮೀರಿತು. ಆಪರೇಟರೇ ಕರೆದು ಕೇಳಿದ, ಆಗ ಓಡಿಹೋಗಿ ನೋಡಿ ಬಂದೆ.

ಸಹಿ ಹಾಕಿ ಅಂಟಿಸಿಟ್ಟಿದ್ದ ಲಕೋಟೆ ನಾಳೆಯ ಲಾರಿಗೆ ಸಿದ್ಧವಾಗಿ ಬಾಗಿಲ ಹತ್ತಿರವೇ ಇತ್ತು. ಅದನ್ನು ಒಲೆಗೆ ಹಾಕಿ ಚಹಾ ಮಾಡಿಕೊಂಡೆ. ಇಲಾಖೆಗೆ ಬೇರೆ ಕಾಗದ ಬರೆದೆ. ಮೇ ಕೊನೆಗೆ ಇಳಿಯುತ್ತೇನೆ.

ಲೋನ್ ಆದರೂ ಇಳಿಯುತ್ತೇನೆ, ಆಗದಿದ್ದರೂ ಇಳಿಯುತ್ತೇನೆ. ಆಗದಿದ್ದರೆ ನಿನ್ನ ನಾಲ್ಕನೇ ಮಹಡಿಯನ್ನೇ ಹತ್ತೋಣ. ಮಹಡಿಗೊಂದು ಸ್ಟೂಲ್ ಇಡು, ಸ್ಟೂಲಿಗೊಂದು ಚಹಾ ಕೊಡು. ಸಂಜೆಯೊಳಗೆ ಮೇಲೆ ಬಂದೇ ಬರುತ್ತೇನೆ.

ನೀನು ಮಾಡಿದ ಅನಾಹುತ ಇನ್ನೂ ನಿಂತಿಲ್ಲ. ದಿನಾ ಓದು ಮುಗಿದ ಕೂಡಲೇ ಯಾವುದಾದರೂ ಬೆಟ್ಟದಿಂದ "ಮಂಚದ ಸಮಾಚಾರ?" ಎಂದು ಕೇಳುತ್ತಾರೆ. ಬೈದೆ. ಇವತ್ತು ಸಂಜೆ ಬೈಯುವುದನ್ನು ಬಿಟ್ಟು, "ರಿಪೋರ್ಟ್ ಅಪ್‌ಡೇಟಿಗೆ ಹೋಗಿದೆ, ಇನ್ನೂ ಬಂದಿಲ್ಲ" ಎಂದು ಹೇಳಿದೆ. ಎಲ್ಲರೂ ತಮ್ಮ ತಮ್ಮ ಬೆಟ್ಟದಲ್ಲಿ ಕಾಯುತ್ತಿದ್ದಾರೆ. ನಾನಂತೂ ಕಾಯುತ್ತಿದ್ದೇನೆ.

ಅತ್ತಿಗೆ


ಸೈಕಲ್ ಅಂಗಡಿ
ಏಪ್ರಿಲ್ 22, ಮಂಗಳವಾರ

ಪ್ರೀತಿಯ ಅತ್ತಿಗೆಗೆ,

ಮಧ್ಯಾಹ್ನ ರೇಡಿಯೋದಲ್ಲಿ ನಿಮಗೆ ತಲುಪಿದೆ, ಗೊತ್ತು. ಆಪರೇಟರ್ ಪಕ್ಕದಲ್ಲೇ ನಿಂತಿದ್ದೆ. "ಲೋನ್ ಆಯಿತು. ಈ ಸಲ ಕಂಡು ಹೇಳುತ್ತಿದ್ದೇನೆ" ಎಂದು ಅವರು ಓದಿದ ಮೇಲೆ ಆ ಪೆಟ್ಟಿಗೆಯೊಳಗಿಂದ ಎದ್ದ ಗದ್ದಲ ಕೇಳಿ ನಾನು ಹೆದರಿದೆ. ಅಷ್ಟೂ ಬೆಟ್ಟಗಳು ಒಟ್ಟಿಗೆ ಕೂಗಿದರೆ ಹಾಗಿರುತ್ತದೆಯೇ? ಗದ್ದಲ ಇಳಿದ ಮೇಲೆ ನೀವು "ಸರಿ, ತಲುಪಿತು" ಎಂದಿರಿ. ಗಾಳಿಯ ದಿಕ್ಕು ಹೇಳುವುದನ್ನೂ ಮರೆತಿರಿ.

ನಡೆದದ್ದು ಹೇಳುತ್ತೇನೆ. ಬೆಳಿಗ್ಗೆ ಬ್ಯಾಂಕಿಗೆ ಹೋದಾಗ ಮೇಡಂ ಮುಖದಲ್ಲಿ ಏನೂ ಇರಲಿಲ್ಲ. ರಿಪೋರ್ಟ್ ಬಂದಿದೆ, ಕೂತ್ಕೊಳ್ಳಿ ಎಂದರು. ಮೇಲಿಂದ ಕೆಳಗೆ ಬೆರಳಿಟ್ಟುಕೊಂಡು ಓದಿದರು. ನಾನು ಕುರ್ಚಿಯ ಅಂಚಿನಲ್ಲಿ ಕೂತು ಅವರ ಬೆರಳನ್ನಲ್ಲ, ಪೆನ್ಸಿಲನ್ನು ನೋಡುತ್ತಿದ್ದೆ. ಕೊನೆಯ ಸಾಲಿಗೆ ಬಂದರು. ಕೈ ಮೇಲೆ ಹೋಯಿತು. ಪೆನ್ಸಿಲ್ ಎಳೆದರು. ಕೂದಲೆಲ್ಲ ಬಿಚ್ಚಿ ಭುಜದ ಮೇಲೆ ಬಿತ್ತು, ಅತ್ತಿಗೆ. ಅಷ್ಟು ಚೆಂದದ ಕೂದಲನ್ನು ನಾನು ಜನ್ಮದಲ್ಲಿ ನೋಡಿಲ್ಲ. ಫೈಲಿನ ಮೇಲೆ ಬರೆದು, ತಿರುಗಿಸಿ ತೋರಿಸಿದರು. ಸ್ಕೋರ್ ಗೆರೆ ದಾಟಿತ್ತು. ಮಂಜೂರು ಎಂದಿತ್ತು. ನಾನು ಅಲ್ಲೇ ಅತ್ತುಬಿಟ್ಟೆ, ಅವರು ಒರೆಸಿಕೊಳ್ಳಲು ಕೊಡಲು ಏನೂ ಸಿಗದೆ ಬ್ಯಾಂಕಿನ ಕ್ಯಾಲೆಂಡರಿನ ಹಳೆಯ ಹಾಳೆ ಹರಿದುಕೊಟ್ಟರು.

ಸಂಜೆ ಡಾಕ್ಟರು ಬೀಗದ ಕೈ ತೋರಿಸಿ, "ಕಾಗದ ಪತ್ರ ಮುಗಿದ ದಿನ ಇದು ನಿನ್ನದು, ಅಲ್ಲಿವರೆಗೆ ಬಣ್ಣ ಹಚ್ಚೋಕೆ ಏನೂ ಅಡ್ಡಿಯಿಲ್ಲ" ಎಂದರು. ಅವರು ಹೋದ ಮೇಲೆ ಪೆನ್ಸಿಲ್ ಮೇಡಂ ಬಂದರು, ಸೈಕಲ್ ತಳ್ಳಿಕೊಂಡು. "ಈಗ ಬೆಲ್ ಹಾಕಿ. ದುಡ್ಡು ಮಾತ್ರ ತಗೋಬೇಕು" ಎಂದರು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಜೋರಾದ ಬೆಲ್ ಹಾಕಿದೆ. ರಸ್ತೆಯ ತಿರುವು ದಾಟಿದ ಮೇಲೂ ಕೇಳಿಸುತ್ತಿತ್ತು.

ಹಳದಿ ಬಣ್ಣ ತಂದಿಟ್ಟಿದ್ದೇನೆ. ಮಂಚದ ವಿಷಯಕ್ಕೆ ಮಾತ್ರ ಬೇಜಾರು. ಹೋಗಿ ಕೇಳಿದರೆ ಆ ಕುಳ್ಳನೆಯ ಮಂಚ ಯಾರಿಗೋ ಮಾರಾಟವಾಗಿದೆಯಂತೆ. ಯಾರಿಗೆ ಎಂದರೆ ಅಂಗಡಿಯವರು ಮೀಸೆಯೊಳಗೇ ನಗುತ್ತಾರೆ, ಹೇಳುವುದಿಲ್ಲ. ಇರಲಿ, ಬೇರೆಯದನ್ನು ಇಬ್ಬರೂ ಹೋಗಿ ನೋಡೋಣ. ಕಾರ್ಡು ಬೆಟ್ಟದ ಮೇಲೇ ಬಿಟ್ಟು ಬನ್ನಿ.

ನಿಮ್ಮ ನಾದಿನಿ


ಹಿಂದಿನ ಕೋಣೆ
ಜೂನ್ 3, ಮಂಗಳವಾರ ಬೆಳಿಗ್ಗೆ

ಚಿನಕುರುಳಿ,

ನೀನು ಅಂಗಡಿಯಲ್ಲಿ ಯಾರ ಜೊತೆಗೋ ಜೋರಾಗಿ ಮಾತಾಡುತ್ತಿದ್ದೀಯ. ನಾನು ಇಲ್ಲೇ ಗೋಡೆಯ ಈಚೆಗಿದ್ದೇನೆ, ಕೂಗಿದರೆ ಕೇಳಿಸುತ್ತದೆ. ಆದರೆ ಅಭ್ಯಾಸ ಬಿಡಲಿಲ್ಲ, ಬರೆದೆ. ಚಹಾ ಲೋಟದ ಕೆಳಗೆ ಇಡುತ್ತೇನೆ.

ಆಕಾಶ ಕಿಟಕಿಯಷ್ಟು ಕಾಣುತ್ತದೆ, ಅಷ್ಟೂ ನಿರ್ಮಲ. ಗಾಳಿ ಇಲ್ಲ. ಬೀದಿಯಲ್ಲಿ ಒಂದು ಸೈಕಲ್ ಬೆಲ್, ಭಾರೀ ಜೋರು. ಮಂಡಿ ಸುಮ್ಮನಿದೆ.

ರೇಡಿಯೋದ ಬೆಟ್ಟದವರೆಲ್ಲ ತಮ್ಮೊಳಗೇ ದುಡ್ಡು ಕೂಡಿಸಿ ಮಂಚ ಕೊಂಡು ನನಗಿಂತ ಮುಂಚೆ ಇಲ್ಲಿಗೆ ಕಳಿಸಿದ್ದಾರೆಂದು ನಿನ್ನೆ ಬಂದು ನೋಡುವವರೆಗೆ ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಆ ಸಾಧನೆಗೆ ಮೆಚ್ಚಿದೆ. ರಾತ್ರಿ ಕಳ್ಳಿಗೆ ಚೆನ್ನಾಗಿ ನಿದ್ದೆ ಬಂತು, ನಿನ್ನ ಶಾಪ ಮುಗಿದಿದೆ.

ಕೊನೆಗೊಂದು ತಿದ್ದುಪಡಿ. ಬೆಳಗಿನ ಬಿಸಿಲು ನೆಲದ ಅರ್ಧಕ್ಕೆ ನಿಲ್ಲುತ್ತದೆ ಎಂದು ನೀನು ಮಾರ್ಚಿನಲ್ಲಿ ಬರೆದಿದ್ದೆ. ಈಗ ಹಾಗಿಲ್ಲ, ನಿಲ್ಲುವುದಿಲ್ಲ. ಮಂಚದ ಮೇಲೆ ಬಂದು ನನ್ನ ಕಾಲ ಹತ್ತಿರ ಕೂತಿದೆ. ಕಂಡೇ ಬರೆದಿದ್ದೇನೆ.

ಅತ್ತಿಗೆ